ನೋವು ಇಳಿಯುತ್ತದೆ, ಹಸಿವು ಹಿಂಗುತ್ತದೆ

ಕನ್ನಡದಲ್ಲಿ ನೋವು ಇಳಿಯುತ್ತದೆ, ಹಸಿವು ಹಿಂಗುತ್ತದೆ, ಬಾಯಾರಿಕೆ ನೀಗುತ್ತದೆ, ಜ್ವರ ಬಿಡುತ್ತದೆ, ಕೋಪ ತಣ್ಣಗಾಗುತ್ತದೆ, ಮನಸ್ಸಿನ ಭಾರ ಹಗುರಾಗುತ್ತದೆ, ಬಿಸಿಲಿನ ಝಳ ತಗ್ಗುತ್ತದೆ. ಇವೆಲ್ಲವೂ ಇದ್ದದ್ದು ಕಡಿಮೆಯಾಗುವ ಸಂಗತಿಯನ್ನೇ ಹೇಳುವ ಕ್ರಿಯಾಪದಗಳಾದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕನ್ನಡದ ಕಿವಿ ಕೂಡಲೇ ಎಡವುತ್ತದೆ. ಹಸಿವು ಬಿಟ್ಟಿತೆಂದೋ ಜ್ವರ ಹಿಂಗಿತೆಂದೋ ಹೇಳಿದವರ ಮಾತು ಅರ್ಥವಾಗುತ್ತದೆ, ಆದರೆ ಅವರು ಈ ಭಾಷೆಯಲ್ಲಿ ಬೆಳೆದವರಲ್ಲವೆಂಬುದೂ ಅದರ ಜೊತೆಗೇ ತಿಳಿದುಹೋಗುತ್ತದೆ. ಈ ವಿವೇಚನೆಯನ್ನು ಯಾವ ಶಾಲೆಯೂ ಪಾಠವಾಗಿ ಹೇಳಿಕೊಡುವುದಿಲ್ಲ, ಯಾವ ವ್ಯಾಕರಣವೂ ಸೂತ್ರವಾಗಿ ಕಟ್ಟಿಕೊಡುವುದಿಲ್ಲ. ಅಡುಗೆಮನೆಯಲ್ಲಿ, ಜಗಲಿಯಲ್ಲಿ, ಕಾಯಿಲೆಯವರ ಹಾಸಿಗೆಯ ಪಕ್ಕದಲ್ಲಿ ಸಾವಿರ ಸಲ ಕಿವಿಗೆ ಬಿದ್ದ ಮಾತಿನಿಂದ ಅದು ತಾನಾಗಿ ಬಂದಿರುತ್ತದೆ. ಇಂಗ್ಲಿಷಿನ ದಿನಬಳಕೆಯ ಪದಗಳನ್ನು ದಾಟಿ ಅದರ ಪ್ರೌಢ ಪದಗಳನ್ನು, ಎಂದರೆ ನ್ಯಾಯಾಲಯದ ತೀರ್ಪಿನಲ್ಲಿ, ಪತ್ರಿಕೆಯ ಸಂಪಾದಕೀಯದಲ್ಲಿ, ವಿದ್ವತ್ತಿನ ಗ್ರಂಥದಲ್ಲಿ ಬರುವ ಪದಗಳನ್ನು ಕಲಿಯಹೊರಟ ಕನ್ನಡಿಗರಿಗೆ ಎದುರಾಗುವ ನಿಜವಾದ ತೊಡಕು ಈ ವಿವೇಚನೆಯದೇ ಆಗಿದೆ. ಅರ್ಥವಾದರೋ ನಿಘಂಟು ತೆರೆದರೆ ಸಿಕ್ಕಿಬಿಡುತ್ತದೆ.

‘ಅಲೀವಿಯೇಟ್’, ‘ಮಿಟಿಗೇಟ್’, ‘ಅಸ್ವೇಜ್’, ‘ಮಾಲಿಫೈ’, ‘ಪ್ಯಾಲಿಯೇಟ್’, ‘ಅಪೀಸ್’ ಎಂಬ ಆರು ಕ್ರಿಯಾಪದಗಳನ್ನು ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಹುಡುಕಿದವರಿಗೆ ‘ಶಮನಗೊಳಿಸು’, ‘ಉಪಶಮನ ಮಾಡು’, ‘ತಗ್ಗಿಸು’, ‘ಸಮಾಧಾನಪಡಿಸು’ ಎಂಬ ನಾಲ್ಕಾರು ಪದಗಳೇ ಹಿಂದುಮುಂದಾಗಿ ಸಿಗುತ್ತವೆ. ನಿಘಂಟುಕಾರರು ಒಂದು ಸಾಲಿನ ಜಾಗದಲ್ಲಿ ಇದಕ್ಕಿಂತ ಹೆಚ್ಚು ಹೇಳುವಂತಿಲ್ಲವಾದ್ದರಿಂದ ಅವರನ್ನು ದೂರುವ ಹಾಗಿಲ್ಲ. ಆದರೆ ಇಂಗ್ಲಿಷ್ ಬರಹದಲ್ಲಿ ‘ಅಲೀವಿಯೇಟ್’ ಆಗುವುದು ನೋವು, ಬಡತನ, ರಸ್ತೆಯ ದಟ್ಟಣೆ ಮೊದಲಾದ, ಮೇಲೆ ಹೊರೆಯಾಗಿ ಕೂತಿರುವಂಥವು. ‘ಮಿಟಿಗೇಟ್’ ಆಗುವುದು ಅಪಾಯ, ಹಾನಿ, ದುಷ್ಪರಿಣಾಮ ಮತ್ತು ಶಿಕ್ಷೆಯ ತೀವ್ರತೆ, ಆದ್ದರಿಂದಲೇ ಹವಾಮಾನ ಬದಲಾವಣೆಯ ವರದಿಗಳಲ್ಲಿಯೂ ಅಪರಾಧಿಗೆ ಕಡಿಮೆ ಶಿಕ್ಷೆ ಕೋರುವ ವಕೀಲರ ವಾದದಲ್ಲಿಯೂ ಈ ಪದ ಮತ್ತೆ ಮತ್ತೆ ಬರುತ್ತದೆ. ‘ಅಸ್ವೇಜ್’ ಆಗುವುದು ಹಸಿವು, ಭಯ, ಶೋಕ, ತಪ್ಪು ಮಾಡಿದೆನೆಂಬ ಅಳುಕು, ಒಟ್ಟಿನಲ್ಲಿ ಒಳಗಿನಿಂದ ಕೊರೆಯುವಂಥದ್ದು. ‘ಮಾಲಿಫೈ’ ಮಾಡುವುದು ಹೆಚ್ಚಾಗಿ ಸಿಟ್ಟಿಗೆದ್ದ ಮನುಷ್ಯರನ್ನು. ‘ಪ್ಯಾಲಿಯೇಟ್’ ಎಂದರೆ ಕಾಯಿಲೆಯ ಬೇರನ್ನು ಮುಟ್ಟದೆ ಅದರ ಬಾಧೆಯನ್ನಷ್ಟೇ ಕಡಿಮೆ ಮಾಡುವುದು. ಗುಣವಾಗದ ಕಾಯಿಲೆಯವರಿಗೆ ಆಸ್ಪತ್ರೆಗಳಲ್ಲಿ ಕೊಡುವ ಪ್ಯಾಲಿಯೇಟಿವ್ ಆರೈಕೆಯ ಹೆಸರಿನಲ್ಲಿ ಇರುವುದು ಇದೇ ಪದ. ‘ಅಪೀಸ್’ ಎಂದರೆ ಎದುರಾಳಿಯ ಬೇಡಿಕೆಗೆ ಮಣಿದು ಅವನನ್ನು ಸುಮ್ಮನಾಗಿಸುವುದು.

ಈ ಕೊನೆಯ ಪದದ ಮೇಲೆ ಚರಿತ್ರೆಯ ಕಲೆಯೊಂದು ಬಿದ್ದಿದೆ. ಹಿಂದೆ ಇದು ಶಾಂತಿಯನ್ನು ತರುವುದೆಂಬ ಗೌರವದ ಅರ್ಥದಲ್ಲಿಯೂ ಬಳಕೆಯಲ್ಲಿದ್ದ ಪದ. 1938ರ ಮ್ಯೂನಿಕ್ ಒಪ್ಪಂದದಲ್ಲಿ ಬ್ರಿಟನ್ನಿನ ಪ್ರಧಾನಿ ನೆವಿಲ್ ಚೇಂಬರ್ಲೇನ್ ಮತ್ತು ಫ್ರಾನ್ಸಿನ ನಾಯಕರು ಚೆಕೊಸ್ಲೊವಾಕಿಯಾದ ಸುಡೆಟನ್‌ಲ್ಯಾಂಡ್ ಪ್ರದೇಶವನ್ನು ಹಿಟ್ಲರನಿಗೆ ಬಿಟ್ಟುಕೊಡಲು ಒಪ್ಪಿ, ಅದರ ಮರುವರ್ಷವೇ ಮಹಾಯುದ್ಧ ಆರಂಭವಾದ ಮೇಲೆ, ಈ ಪದವನ್ನು ಹೊಗಳಿಕೆಯಾಗಿ ಬಳಸುವುದು ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ನಿಂತೇಹೋಯಿತು. ಕನ್ನಡದ ‘ಓಲೈಕೆ’ಯ ಕಥೆಯೂ ಇದಕ್ಕೆ ದೂರವಲ್ಲ, ಹಳಗನ್ನಡದಲ್ಲಿ ‘ಓಲೈಸು’ ಎಂದರೆ ಸೇವೆ ಮಾಡು, ಸನ್ನಿಧಿಯಲ್ಲಿರು ಎಂಬ ಮರ್ಯಾದೆಯ ಅರ್ಥವಿತ್ತು, ‘ಓಲಗ’ ಎಂಬ ಪದದಲ್ಲಿ ಆ ಮರ್ಯಾದೆ ಇನ್ನೂ ಉಳಿದಿದೆ, ಆದರೆ ಇಂದಿನ ರಾಜಕೀಯ ವರದಿಯಲ್ಲಿ ಯಾರನ್ನಾದರೂ ಓಲೈಸಿದರೆಂದು ಬರೆದರೆ ಅದು ಆಪಾದನೆಯೇ ಸರಿ. ಎರಡು ಭಾಷೆಗಳಲ್ಲಿ ಎರಡು ಪದಗಳು ಬೇರೆ ಬೇರೆ ಕಾರಣಕ್ಕೆ ಒಂದೇ ಇಳಿಜಾರಿನಲ್ಲಿ ಇಳಿದು ಬಂದು ಇಲ್ಲಿ ಸಂಧಿಸಿವೆ. ಅಪೀಸ್‌ಮೆಂಟ್ ಎಂಬುದನ್ನು ‘ಸಮಾಧಾನಪಡಿಸುವಿಕೆ’ ಎಂದು ಕಲಿತವರಿಗೆ ಸಂಪಾದಕೀಯದ ಕಹಿ ತಲುಪುವುದಿಲ್ಲ. ‘ಓಲೈಕೆ’ ಎಂದು ಕಲಿತವರಿಗೆ ಅದು ತಾನಾಗಿ ತಲುಪುತ್ತದೆ.

ಈ ಆರು ಪದಗಳ ಹುಟ್ಟನ್ನು ನೋಡಿದರೆ ಕನ್ನಡ ಬಲ್ಲವರಿಗೆ ಇನ್ನೊಂದು ಸಂತೋಷ ಕಾದಿದೆ. ‘ಅಲೀವಿಯೇಟ್’ ಪದದೊಳಗೆ ಹಗುರ ಎಂಬರ್ಥದ ಲ್ಯಾಟಿನ್ ‘ಲೆವಿಸ್’ ಇದೆ, ಅದು ಸಂಸ್ಕೃತದ ‘ಲಘು’ವಿಗೆ ಜ್ಞಾತಿಪದ. ಜ್ಞಾತಿಪದವೆಂದರೆ ಒಂದು ಭಾಷೆಯಿಂದ ಇನ್ನೊಂದು ಸಾಲ ಪಡೆದದ್ದಲ್ಲ, ಎರಡಕ್ಕೂ ಹಿಂದಿನ ಒಂದು ಮೂಲಭಾಷೆಯಿಂದ ಎರಡೂ ಕಡೆ ಕವಲೊಡೆದು ಬಂದದ್ದು. ‘ಮಾಲಿಫೈ’ ಪದದೊಳಗಿನ ‘ಮೊಲ್ಲಿಸ್’ ಸಂಸ್ಕೃತದ ‘ಮೃದು’ವಿಗೂ, ‘ಅಸ್ವೇಜ್’ ಪದದ ಹಿಂದಿರುವ ‘ಸುವಾವಿಸ್’ ಸಂಸ್ಕೃತದ ‘ಸ್ವಾದು’ವಿಗೂ ಹೀಗೆಯೇ ದಾಯಾದಿಗಳು. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಭಾಷಣದಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ನುಗಳ ಈ ಬಾಂಧವ್ಯದ ಕಡೆಗೆ ಲೋಕದ ಗಮನ ಸೆಳೆದನು. ಕನ್ನಡ ದ್ರಾವಿಡ ಭಾಷೆಯಾದ್ದರಿಂದ ಅದಕ್ಕೆ ಈ ಕುಲದಲ್ಲಿ ಹುಟ್ಟಿನ ಪಾಲಿಲ್ಲ. ಆದರೂ ಲಘು, ಮೃದು, ಸ್ವಾದ, ಜ್ಞಾನ, ಅಗ್ನಿ, ಮರ್ತ್ಯ ಮುಂತಾದ ತತ್ಸಮಗಳನ್ನು, ಎಂದರೆ ಸಂಸ್ಕೃತದಿಂದ ರೂಪ ಬದಲಾಗದೆ ಬಂದ ಪದಗಳನ್ನು, ತನ್ನ ಮನೆಯ ಪದಗಳಷ್ಟೇ ಸಲುಗೆಯಿಂದ ಬಳಸುತ್ತ ಬಂದಿರುವ ಕನ್ನಡಕ್ಕೆ ಆ ಕುಲದ ಹಿತ್ತಿಲ ಬಾಗಿಲು ತೆರೆದೇ ಇದೆ. ಉರಿಸುವ ಅರ್ಥದ ‘ಇಗ್ನೈಟ್’ನಲ್ಲಿ ಅಗ್ನಿಯ ದಾಯಾದಿ ಇದೆ, ‘ಕಾಗ್ನಿಷನ್’ನಲ್ಲಿ ‘ಜ್ಞಾ’ ಧಾತುವಿನ ದಾಯಾದಿ ಇದೆ, ‘ಇಮ್ಮಾರ್ಟಲ್’ ಮತ್ತು ‘ಅಮೃತ’ ಎರಡೂ ಸಾವಿಲ್ಲದ್ದೆಂಬ ಒಂದೇ ಅರ್ಥವನ್ನು ಒಂದೇ ರೀತಿಯಲ್ಲಿ ಕಟ್ಟಿಕೊಂಡ ಪದಗಳು. ‘ಮ್ಯಾಗ್ನಾನಿಮಸ್’ ಎಂಬ, ದೊಡ್ಡ ಮನಸ್ಸಿನ ಎಂಬರ್ಥದ ಪದದ ಮೊದಲರ್ಧ ‘ಮಹಾ’ದ ಬಂಧು, ಉತ್ತರಾರ್ಧ ‘ಪ್ರಾಣ’ ಮತ್ತು ‘ಅನಿಲ’ಗಳಲ್ಲಿ ಉಸಿರಾಡುತ್ತಿರುವ ‘ಅನ್’ ಧಾತುವಿನ ಬಂಧು. ಇದನ್ನು ಒಮ್ಮೆ ಕಂಡವರು ಆ ಪದವನ್ನು ಮರೆಯುವುದು ಕಷ್ಟ.

ನೆನಪಿಗೆ ಇಷ್ಟು ನೆರವಾಗುವ ಧಾತುಜ್ಞಾನ ಬಳಕೆಗೆ ಬಂದಾಗ ದಾರಿ ತಪ್ಪಿಸುವುದೂ ಉಂಟು, ಏಕೆಂದರೆ ಪದದ ಹುಟ್ಟೇ ಅದರ ಇಂದಿನ ಅರ್ಥವಲ್ಲ. ಕನ್ನಡಿಗರು ಇದನ್ನು ಉತ್ತರ ಭಾರತಕ್ಕೆ ಹೋದಾಗಲೆಲ್ಲ ಅನುಭವಿಸಿದ್ದಾರೆ. ಕನ್ನಡದ ಉಪನ್ಯಾಸ ಭಾಷಣವಾದರೆ ಹಿಂದಿಯ ಉಪನ್ಯಾಸ ಕಾದಂಬರಿ, ಕನ್ನಡದ ಅವಸರ ಆತುರವಾದರೆ ಹಿಂದಿಯ ಅವಸರ ಸದವಕಾಶ, ಕನ್ನಡದ ಶಿಕ್ಷೆ ದಂಡನೆಯಾದರೆ ಹಿಂದಿಯ ಶಿಕ್ಷಾ ವಿದ್ಯಾಭ್ಯಾಸ. ಇಂಗ್ಲಿಷಿನ ‘ಎಗ್ರೀಜಿಯಸ್’ ಪದದ ಬಾಳೂ ಹೀಗೆಯೇ. ಮಂದೆ ಎಂಬರ್ಥದ ‘ಗ್ರೆಕ್ಸ್’ ಎಂಬ ಲ್ಯಾಟಿನ್ ಪದದಿಂದ ಬಂದು, ಮಂದೆಯಿಂದ ಹೊರಗೆ ಎದ್ದು ನಿಂತದ್ದು, ಅಸಾಮಾನ್ಯವಾದದ್ದು ಎಂಬ ಮೆಚ್ಚುಗೆಯ ಅರ್ಥದಲ್ಲಿ ಇಂಗ್ಲಿಷಿಗೆ ಕಾಲಿಟ್ಟ ಈ ಪದ, ಈಗ ಕಣ್ಣಿಗೆ ರಾಚುವಷ್ಟು ಕೆಟ್ಟದ್ದೆಂಬ ಅರ್ಥಕ್ಕೆ ಇಳಿದಿದೆ; ಅಕ್ಷಮ್ಯ ತಪ್ಪು, ಹಕ್ಕುಗಳ ಘೋರ ಉಲ್ಲಂಘನೆ, ಅಧಿಕಾರದ ದುರುಪಯೋಗ, ಇವುಗಳ ಮುಂದೆಯೇ ಅದು ವಿಶೇಷಣವಾಗಿ ನಿಲ್ಲುತ್ತದೆ. ಇಟಲಿಯಲ್ಲಿ ಅದರ ಒಡಹುಟ್ಟಿದ ‘ಎಗ್ರೆಜಿಯೋ’ ಎಂಬ ಪದವನ್ನು ಇಂದಿಗೂ ಪತ್ರದ ತಲೆಯಲ್ಲಿ ‘ಮಾನ್ಯರೇ’ ಎಂಬಂತೆ ಬರೆಯುತ್ತಾರೆ. ನಿಘಂಟಿನಲ್ಲಿ ‘ಎದ್ದುಕಾಣುವ’ ಎಂಬ ಅರ್ಥವನ್ನಷ್ಟೇ ನೋಡಿ ಒಬ್ಬ ವಿದ್ವಾಂಸರ ಪರಿಚಯದಲ್ಲಿ ಈ ಪದವನ್ನು ಇಟ್ಟರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ‘ಕೂಳು’ ಹಿಂದೆ ಅನ್ನಕ್ಕೆ ಇದ್ದ ಸಹಜವಾದ ಹೆಸರು, ಇಂದು ಅತಿಥಿಯ ಮುಂದೆ ಆ ಪದವನ್ನು ಯಾರೂ ಆಡುವುದಿಲ್ಲ. ಇದನ್ನು ಬಲ್ಲವರಿಗೆ ‘ಎಗ್ರೀಜಿಯಸ್’ ಇಳಿದ ದಾರಿ ಹೊಸದಾಗಿ ಕಾಣಬೇಕಾದ ಕಾರಣವಿಲ್ಲ.

ಪರಭಾಷೆಯೊಂದರ ಪ್ರೌಢ ಪದಗಳನ್ನು ಕಲಿಯುವ ಉದ್ಯೋಗ ಕನ್ನಡ ನಾಡಿಗೆ ಇಂಗ್ಲಿಷಿನಿಂದ ಬಂದದ್ದಲ್ಲ. ಇಮ್ಮಡಿ ನಾಗವರ್ಮನ ‘ಅಭಿಧಾನ ವಸ್ತುಕೋಶ’ ಸಂಸ್ಕೃತ ಪದಗಳ ಅರ್ಥವನ್ನು ಕನ್ನಡಿಗರಿಗಾಗಿ ಕನ್ನಡದಲ್ಲಿ ಪದ್ಯವಾಗಿ ಹೇಳುವ ನಿಘಂಟು. ಅದಕ್ಕೂ ಹಿಂದಿನ, ಅಮರಸಿಂಹನ ಮೂರು ಕಾಂಡಗಳ ‘ಅಮರಕೋಶ’ವನ್ನು ಮಠಗಳಲ್ಲಿ, ಪಾಠಶಾಲೆಗಳಲ್ಲಿ, ಮನೆಗಳಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಪದ್ಧತಿ ಬಹುಕಾಲ ನಡೆಯಿತು. ಅಮರಕೋಶ ಅಕಾರಾದಿಯಾಗಿ ಪದಗಳನ್ನು ಜೋಡಿಸುವುದಿಲ್ಲ; ಸ್ವರ್ಗ, ದಿಕ್ಕು, ಕಾಲ, ಭೂಮಿ, ಊರು, ಕಾಡು, ಮನುಷ್ಯರು ಎಂದು ಲೋಕವನ್ನೇ ವರ್ಗಗಳಾಗಿ ವಿಂಗಡಿಸಿ ಆಯಾ ವರ್ಗದಲ್ಲಿ ಪರ್ಯಾಯ ಪದಗಳನ್ನು, ಎಂದರೆ ಒಂದೇ ವಸ್ತುವಿಗೆ ಇರುವ ಹಲವು ಹೆಸರುಗಳನ್ನು, ಒಟ್ಟಿಗೆ ಕಟ್ಟುತ್ತದೆ. 1852ರಲ್ಲಿ ಲಂಡನ್ನಿನಲ್ಲಿ ಪೀಟರ್ ಮಾರ್ಕ್ ರಾಜೆಟ್ ಎಂಬ ವೈದ್ಯ ಇಂಗ್ಲಿಷ್ ಪದಗಳನ್ನು ಸುಮಾರು ಒಂದು ಸಾವಿರ ಭಾವಗಳ ಕೆಳಗೆ ವಿಂಗಡಿಸಿ ‘ಥಿಸಾರಸ್’ ಎಂಬ ಪ್ರಸಿದ್ಧ ಪದಕೋಶವನ್ನು ಪ್ರಕಟಿಸಿದಾಗ, ಅದರ ಪ್ರಸ್ತಾವನೆಯ ಟಿಪ್ಪಣಿಯಲ್ಲಿ ತನಗೆ ತಿಳಿದ ಪೂರ್ವಪ್ರಯತ್ನಗಳಲ್ಲಿ ಒಂದಾಗಿ ಅಮರಕೋಶವನ್ನು ಹೆಸರಿಸಿದನು. 1808ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ಕೋಲ್‌ಬ್ರೂಕನ ಆವೃತ್ತಿಯ ಮೂಲಕ ಅದರ ಸುದ್ದಿ ಅಲ್ಲಿಗೆ ತಲುಪಿತ್ತು. ಇಂದು ಇಂಗ್ಲಿಷ್ ಬರೆಯುವವರ ಮೇಜಿನ ಮೇಲಿರುವ ಆ ಪುಸ್ತಕಕ್ಕೂ ಅಜ್ಜಂದಿರ ಬಾಯಲ್ಲಿದ್ದ ಅಮರಕ್ಕೂ ಇರುವ ಈ ಸಣ್ಣ ಕೊಂಡಿ ಹೆಚ್ಚು ಜನಕ್ಕೆ ತಿಳಿಯಬೇಕಾದದ್ದು.

ಅಮರದ ಬಾಯಿಪಾಠವನ್ನು ಉರು ಹೊಡೆಯುವ ಪದ್ಧತಿಯೆಂದು ಹೀಗಳೆಯುವುದು ಸುಲಭ. ಆದರೆ ಆ ಪದ್ಧತಿಯಲ್ಲಿ ಪಟ್ಟಿ ಒಂಟಿಯಾಗಿರಲಿಲ್ಲವೆಂಬುದನ್ನು ಮರೆಯಬಾರದು. ಅಮರದ ಜೊತೆಜೊತೆಗೇ ‘ರಘುವಂಶ’ದ ಪಾಠ ನಡೆಯುತ್ತಿತ್ತು, ಗುರು ಶ್ಲೋಕವನ್ನು ಬಿಡಿಸಿ, ಅನ್ವಯ ಮಾಡಿ, ಎಂದರೆ ಪದಗಳನ್ನು ಅರ್ಥದ ಕ್ರಮಕ್ಕೆ ಜೋಡಿಸಿ, ಕವಿ ಇಲ್ಲಿ ಈ ಪರ್ಯಾಯವನ್ನೇ ಏಕೆ ಆರಿಸಿಕೊಂಡನೆಂದು ಹೇಳುವಾಗ, ಬಾಯಲ್ಲಿ ಮಾತ್ರ ಇದ್ದ ಪದಕ್ಕೆ ಒಂದು ಮುಖ, ಒಂದು ಸಂದರ್ಭ ದೊರೆಯುತ್ತಿತ್ತು. ಇದಕ್ಕೆ ಹೋಲಿಸಿದರೆ, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಉನ್ನತ ವ್ಯಾಸಂಗಕ್ಕಾಗಿ ಬರೆಯುವ ಜಿಆರ್‌ಇ ಪರೀಕ್ಷೆಗೆಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಲೆಮಾರುಗಳಿಂದ ಕಂಠಪಾಠ ಮಾಡುತ್ತ ಬಂದ ಮೂರೂವರೆ ಸಾವಿರ ಪದಗಳ ಪಟ್ಟಿ ಕಾವ್ಯವಿಲ್ಲದ ಅಮರ. ಆ ಪರೀಕ್ಷೆಯಲ್ಲಿ ಬಹುಕಾಲ ಒಂದು ಒಂಟಿ ಪದವನ್ನು ಕೊಟ್ಟು ಅದರ ವಿರುದ್ಧಪದವನ್ನು ಆರಿಸಲು ಹೇಳುವ ಪ್ರಶ್ನೆಗಳಿದ್ದವು. ಅಂಥ ಪ್ರಶ್ನೆಗೆ ಪಟ್ಟಿಯೇ ಸಾಕಾಗುತ್ತಿತ್ತು. 2011ರ ಆಗಸ್ಟ್‌ನಲ್ಲಿ ಪರೀಕ್ಷೆಯ ರೂಪವನ್ನು ಬದಲಿಸಿ ವಿರುದ್ಧಪದದ ಪ್ರಶ್ನೆಗಳನ್ನೂ ಪದಜೋಡಿಗಳ ಸಾದೃಶ್ಯದ ಪ್ರಶ್ನೆಗಳನ್ನೂ ಕೈಬಿಟ್ಟು, ವಾಕ್ಯದಲ್ಲಿ ಬಿಟ್ಟ ಸ್ಥಳಕ್ಕೆ ತಕ್ಕ ಪದವನ್ನು ಆರಿಸುವ ಪ್ರಶ್ನೆಗಳಿಗೆ ಒತ್ತು ಕೊಟ್ಟರು. ಪರೀಕ್ಷೆ ಸರಿಯಾದ ದಿಕ್ಕಿಗೆ ತಿರುಗಿತು. ಓದುವ ಕ್ರಮ ಮಾತ್ರ ಅನೇಕ ಕಡೆ ಹಳೆಯ ಪಟ್ಟಿಯಲ್ಲಿಯೇ ನಿಂತಿದೆ, ಮತ್ತು ಇದು ನೋವಿನ ಸಂಗತಿ, ಏಕೆಂದರೆ ಅಷ್ಟು ಶ್ರಮಪಡುವ ವಿದ್ಯಾರ್ಥಿಗಳಿಗೆ ಅದರ ಕಾಲು ಭಾಗದ ಪದಗಳನ್ನು ಒಳ್ಳೆಯ ಗದ್ಯದಲ್ಲಿ ಓದಿಸಿದ್ದರೆ ಅವು ಜೀವಮಾನವಿಡೀ ಉಳಿಯುತ್ತಿದ್ದವು.

ಪದವನ್ನು ಅದರ ಒಡನಾಡಿಗಳಿಂದ ತಿಳಿಯಬೇಕೆಂಬ ವಿಚಾರವನ್ನು ಭಾಷಾವಿಜ್ಞಾನದಲ್ಲಿ ಖಚಿತವಾಗಿ ಹೇಳಿದವರಲ್ಲಿ ಜೆ. ಆರ್. ಫರ್ತ್ ಮುಖ್ಯನು. 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದ್ದ ಈತ ಪದಗಳು ಒಂದರ ಪಕ್ಕದಲ್ಲಿ ಒಂದು ರೂಢಿಯಾಗಿ ಬಂದು ಕೂಡುವ ಗುಣವನ್ನು ಗುರುತಿಸಿ ಅದಕ್ಕೆ ‘ಕೊಲೊಕೇಷನ್’ ಎಂಬ ಹೆಸರನ್ನು ನೆಲೆಗೊಳಿಸಿದನು; ಕನ್ನಡದಲ್ಲಿ ಇದನ್ನು ಪದಗಳ ಒಡನಾಟ ಎನ್ನಬಹುದು. ಕನ್ನಡದ ಮನೆಗೆಲಸವೇ ಇದಕ್ಕೆ ಒಳ್ಳೆಯ ಪಾಠ: ಬಟ್ಟೆಯನ್ನು ಒಗೆಯುತ್ತಾರೆ, ಮುಖವನ್ನು ತೊಳೆಯುತ್ತಾರೆ, ಪಾತ್ರೆಯನ್ನು ಬೆಳಗುತ್ತಾರೆ, ನೆಲವನ್ನು ಸಾರಿಸುತ್ತಾರೆ, ಮತ್ತು ಇಂಗ್ಲಿಷರಿಗೆ ಇವುಗಳಲ್ಲಿ ಹೆಚ್ಚಿನವಕ್ಕೆ ‘ವಾಷ್’ ಒಂದೇ ಸಾಕು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಈ ವಿಚಾರವನ್ನು ಕಂಪ್ಯೂಟರಿಗೆ ತಂದು, ಕೋಟಿಗಟ್ಟಲೆ ಪದಗಳ ಬರಹವನ್ನು ಸಂಗ್ರಹಿಸಿ, ಅದರ ಆಧಾರದ ಮೇಲೆ 1987ರಲ್ಲಿ ಕೋಬಿಲ್ಡ್ ನಿಘಂಟನ್ನು ಹೊರತಂದನು. ಅದರಲ್ಲಿ ಪ್ರತಿಯೊಂದು ಪದದ ಅರ್ಥವನ್ನು ಆ ಪದವೂ ಸೇರಿದ ಪೂರ್ಣ ವಾಕ್ಯದಲ್ಲಿ ವಿವರಿಸಲಾಗಿದೆ. ಕೆಲವು ಪದಗಳು ತಾವು ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳದಿದ್ದರೂ ಕೆಟ್ಟ ಸಂಗತಿಗಳ ಜೊತೆಗೇ ಓಡಾಡುತ್ತವೆ ಎಂಬುದು ಅಂಥ ಸಂಗ್ರಹಗಳಿಂದ ಸ್ಪಷ್ಟವಾದ ಸತ್ಯ. ಕನ್ನಡದಲ್ಲಿ ಒಬ್ಬರು ಟೀಕೆಗೆ ಗುರಿಯಾಗುತ್ತಾರೆ, ನಷ್ಟಕ್ಕೆ ಈಡಾಗುತ್ತಾರೆ, ಪ್ರಶಸ್ತಿಗೆ ಪಾತ್ರರಾಗುತ್ತಾರೆ. ಪ್ರಶಸ್ತಿಗೆ ಗುರಿಯಾದರೆಂದು ಯಾವ ಸುದ್ದಿಗಾರನೂ ಬರೆಯುವುದಿಲ್ಲ. ಇಂಗ್ಲಿಷಿನ ‘ಇನ್‌ಕರ್’ ಎಂಬ ಕ್ರಿಯಾಪದ ನಷ್ಟ, ಸಾಲ, ದಂಡ, ಕೋಪಗಳನ್ನು ಮಾತ್ರ ತನ್ನ ಕರ್ಮವಾಗಿ ಒಪ್ಪುತ್ತದೆ. ‘ಗಾರ್ನರ್’ ಎಂಬುದು ಹೆಚ್ಚಾಗಿ ಮೆಚ್ಚುಗೆ, ಬೆಂಬಲ, ಮತಗಳನ್ನು ಕೂಡಿಸಿಕೊಳ್ಳುತ್ತದೆ. ಮೊದಲನೆಯದರ ಎದುರು ‘ಹೊಂದು’ ಎಂದು ಬರೆದುಕೊಳ್ಳುವ ಬದಲು ‘ಗುರಿಯಾಗು, ಈಡಾಗು’ ಎಂದೂ, ಎರಡನೆಯದರ ಎದುರು ‘ಪಾತ್ರವಾಗು, ಗಳಿಸು’ ಎಂದೂ ಬರೆದುಕೊಂಡವರಿಗೆ ಅರ್ಥದ ಜೊತೆಗೆ ಬಳಕೆಯೂ ಅರ್ಧ ಕೈಗೆ ಬಂದಂತೆ.

ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುವವರಿಗೆಂದೇ ನಿಘಂಟುಗಳನ್ನು ರಚಿಸುವ ಕೆಲಸ ಇಂಗ್ಲೆಂಡಿನ ಹೊರಗೆ ಬೆಳೆದದ್ದು ಸಹಜವಾಗಿಯೇ ಇದೆ. ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್, ಅಲ್ಲಿನ ಮಕ್ಕಳು ಒಂದು ಕಠಿಣ ಪದದ ಅರ್ಥ ಹುಡುಕಿದರೆ ನಿಘಂಟು ಇನ್ನೆರಡು ಕಠಿಣ ಪದಗಳನ್ನು ಮುಂದಿಡುವುದನ್ನು ಕಂಡು, ಜೇಮ್ಸ್ ಎಂಡಿಕಾಟ್ ಜೊತೆಗೆ 1935ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಸುಮಾರು 24,000 ಪದ ಮತ್ತು ನುಡಿಗಟ್ಟುಗಳನ್ನು ಕೇವಲ 1,490 ಸರಳ ಪದಗಳೊಳಗೆ ವಿವರಿಸಿದನು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಸಿದ್ಧಪಡಿಸಿ 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದ ನಿಘಂಟನ್ನು 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಮರುಪ್ರಕಟಿಸಿತು. ಇಂದು ಕರ್ನಾಟಕದ ಕಾಲೇಜು ಗ್ರಂಥಾಲಯಗಳಲ್ಲೆಲ್ಲ ಕಾಣುವ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟು ಅದರ ಸಂತತಿ. ಹಾರ್ನ್‌ಬಿಯ ದೊಡ್ಡ ಉಪಕಾರವೆಂದರೆ ಪ್ರತಿಯೊಂದು ಕ್ರಿಯಾಪದವೂ ತನ್ನ ಮುಂದೆ ಯಾವ ಬಗೆಯ ರಚನೆಯನ್ನು ಒಪ್ಪುತ್ತದೆ ಎಂಬುದನ್ನು ಗುರುತು ಹಾಕಿ ತೋರಿಸಿದ್ದು. ಕನ್ನಡದಲ್ಲಿ ಒಂದು ವಿಷಯದ ಬಗ್ಗೆ ಚರ್ಚಿಸುತ್ತೇವಾದ್ದರಿಂದ ‘ಡಿಸ್ಕಸ್’ ಮುಂದೆ ‘ಅಬೌಟ್’ ತಾನಾಗಿ ಬಂದು ಕೂರುತ್ತದೆ, ಕನ್ನಡದಲ್ಲಿ ಒಬ್ಬರಿಗೆ ಹೋಗುವಂತೆ ಸೂಚಿಸುತ್ತೇವಾದ್ದರಿಂದ ‘ಸಜೆಸ್ಟ್’ ಮುಂದೆ ‘ಮೀ ಟು ಗೋ’ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಇವೆರಡೂ ಸಲ್ಲುವುದಿಲ್ಲ. ಅರ್ಥ ಪೂರ್ತಿ ಗೊತ್ತಿದ್ದೂ ಬಳಕೆ ತಪ್ಪುವ ಇಂಥ ಜಾಗಗಳಲ್ಲಿ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬಿಟ್ಟರೆ ಬೇರೆ ಗತಿಯಿಲ್ಲ.

ಹಾಗೆಂದು ದ್ವಿಭಾಷಾ ನಿಘಂಟನ್ನು ಮೂಲೆಗಿಡಬೇಕೆಂದು ಕೆಲವು ಶಿಕ್ಷಕರು ಹೇಳುವುದನ್ನು ಒಪ್ಪುವಂತಿಲ್ಲ. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟನ್ನು ತಿರುವಿ ಹಾಕಿದವರಿಗೆ, ಒಂದು ಇಂಗ್ಲಿಷ್ ಪದಕ್ಕೆ ಕನ್ನಡದ ಹತ್ತು ಪದಗಳಲ್ಲಿ ಯಾವುದು ಎಲ್ಲಿ ಹೊಂದುತ್ತದೆಂದು ಹಿರಿಯ ವಿದ್ವಾಂಸರು ವಿಂಗಡಿಸಿರುವ ರೀತಿಯೇ ಎರಡೂ ಭಾಷೆಗಳ ಪಾಠವಾಗುತ್ತದೆ. ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಾನುಗಟ್ಟಲೆ ಓದುಗರ ಪ್ರಶ್ನೆಗಳಿಗೆ ಉತ್ತರಿಸುವಾಗ ಪದದ ಅರ್ಥವನ್ನಷ್ಟೇ ಹೇಳಿ ಮುಗಿಸುತ್ತಿರಲಿಲ್ಲ. ಅದು ಎಲ್ಲಿಂದ ಬಂತು, ಯಾರು ಹೇಗೆ ಬಳಸಿದ್ದಾರೆ ಎಂಬುದನ್ನೂ ಜೊತೆಗಿಡುತ್ತಿದ್ದರು. ಇಂಗ್ಲಿಷ್ ಪದಗಳನ್ನು ಕಲಿಯುವವರಿಗೂ ಅದೇ ಮಾದರಿ.

ಪದದ ಅಂತಸ್ತು ಎಂಬ ಇನ್ನೊಂದು ವಿಷಯದಲ್ಲಿಯೂ ಕನ್ನಡಿಗರು ತಯಾರಾಗಿಯೇ ಬಂದಿರುತ್ತಾರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಜನರ ಹಳೆಯ ಇಂಗ್ಲಿಷಿನ ಮೇಲೆ ಆಳುವವರ ಫ್ರೆಂಚ್ ಪದಗಳೂ, ಅವುಗಳ ಮೇಲೆ ಪಂಡಿತರ ಲ್ಯಾಟಿನ್ ಪದಗಳೂ ಪದರ ಪದರವಾಗಿ ಕೂತವು. ಅದರಿಂದಾಗಿ ‘ಆಸ್ಕ್’, ‘ಕ್ವೆಶ್ಚನ್’, ‘ಇಂಟರಾಗೇಟ್’ ಎಂಬ ಮೂರು ಪದಗಳು ಒಂದೇ ಕೆಲಸದ ಮೂರು ಮೆಟ್ಟಿಲುಗಳಾಗಿ ನಿಂತಿವೆ. ಕನ್ನಡದ ಕೇಳು, ಪ್ರಶ್ನಿಸು, ವಿಚಾರಣೆಗೊಳಪಡಿಸು ಎಂಬ ಮೂರನ್ನು ಪಕ್ಕದಲ್ಲಿಟ್ಟರೆ ಮೆಟ್ಟಿಲುಗಳು ಸರಿಯಾಗಿ ಹೊಂದಿಕೊಳ್ಳುತ್ತವೆ, ಪೊಲೀಸರು ಬರುವ ಮೆಟ್ಟಿಲೂ ಎರಡು ಕಡೆ ಮೂರನೆಯದೇ. ಸಾವಿನ ವಿಷಯದಲ್ಲಿ ಕನ್ನಡದ ನಾಜೂಕು ಇನ್ನೂ ಹೆಚ್ಚು. ಸತ್ತರು, ತೀರಿಕೊಂಡರು, ನಿಧನರಾದರು, ದೈವಾಧೀನರಾದರು, ಲಿಂಗೈಕ್ಯರಾದರು ಎಂಬವುಗಳಲ್ಲಿ ಆಡುವವರ ಸಂಬಂಧ, ಸಂದರ್ಭ, ಮತಸಂಪ್ರದಾಯಗಳೆಲ್ಲ ಅಡಗಿವೆ. ಇಂಗ್ಲಿಷಿನ ‘ಡಿಮೈಸ್’ ಇಂಥ ಮೇಲಿನ ಮೆಟ್ಟಿಲಿನ ಪದವಾದ್ದರಿಂದ ಅದನ್ನು ಶ್ರದ್ಧಾಂಜಲಿಯ ಪತ್ರದಲ್ಲಿ ಕಂಡವರು ಮರಣ ಎಂದು ಕಲಿತಿರುತ್ತಾರೆ. ಅದೇ ಓದುಗರು ಬೆಂಗಳೂರಿನಲ್ಲಿ ಮನೆಯೋ ಮಳಿಗೆಯೋ ಬಾಡಿಗೆಗೆ ಹಿಡಿದಾಗ ಕರಾರುಪತ್ರದಲ್ಲಿ ‘ಡಿಮೈಸ್ಡ್ ಪ್ರೆಮಿಸಸ್’ ಎಂದು ಓದಿ ಗಲಿಬಿಲಿಗೊಳ್ಳುತ್ತಾರೆ. ಆಸ್ತಿಯನ್ನು ಗೇಣಿಗೋ ಬಾಡಿಗೆಗೋ ಕರಾರಿನ ಮೂಲಕ ವಹಿಸಿಕೊಡುವುದೇ ಕಾನೂನಿನಲ್ಲಿ ಈ ಪದದ ಹಳೆಯ ಅರ್ಥ. ರಾಜನ ಮರಣದಿಂದ ಅಧಿಕಾರ ಉತ್ತರಾಧಿಕಾರಿಗೆ ವರ್ಗವಾಗುವುದನ್ನೂ ಅದೇ ಪದದಿಂದ ಹೇಳುತ್ತ ಹೇಳುತ್ತ ಸಾವೆಂಬ ಅರ್ಥ ಆಮೇಲೆ ಅಂಟಿಕೊಂಡಿತು.

ಬಾಯಲ್ಲಿ ಆಗಲೇ ಇರುವ ಪದಗಳು ಕೆಲವೊಮ್ಮೆ ಹೊಸ ಪದಗಳಿಗಿಂತ ಹೆಚ್ಚು ಕಷ್ಟ ಕೊಡುತ್ತವೆ. ಸಾಲ ಸ್ಯಾಂಕ್ಷನ್ ಆಯಿತೆಂಬುದು ಕನ್ನಡದ ವಾಕ್ಯವೇ ಆಗಿಹೋಗಿದೆ, ಅಲ್ಲಿ ಅದು ಮಂಜೂರಾತಿ. ವಿದೇಶಾಂಗ ಸುದ್ದಿಯಲ್ಲಿ ಒಂದು ದೇಶದ ಮೇಲೆ ಸ್ಯಾಂಕ್ಷನ್ ಹೇರಿದರೆಂದರೆ ಅದು ನಿರ್ಬಂಧ. ಪವಿತ್ರ ವಿಧಿಯಿಂದ ಸ್ಥಿರಪಡಿಸು ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದು, ಶಾಸನಕ್ಕೆ ಬಲ ಕೊಡುವುದೆಂಬ ಅರ್ಥ ಪಡೆದು, ಅನುಮತಿಯಿಂದಲೂ ಬಲ ಬರುತ್ತದೆ, ಮುರಿದವರಿಗೆ ವಿಧಿಸುವ ದಂಡನೆಯಿಂದಲೂ ಬಲ ಬರುತ್ತದೆಯಾದ್ದರಿಂದ ಎರಡು ಎದುರುಬದುರು ಅರ್ಥಗಳಿಗೆ ಕವಲೊಡೆದ ಪದವಿದು.

ಇಷ್ಟೆಲ್ಲ ಎಷ್ಟು ಪದಗಳ ಮಟ್ಟಿಗೆ ಮಾಡಬೇಕೆಂಬ ಪ್ರಶ್ನೆಗೆ ಸಂಶೋಧಕರು ಲೆಕ್ಕ ಕೊಟ್ಟಿದ್ದಾರೆ. ಒಂದು ಮೂಲಪದವನ್ನೂ ಅದರಿಂದ ಹುಟ್ಟಿದ ರೂಪಗಳನ್ನೂ ಸೇರಿಸಿ ಪದಕುಟುಂಬವೆಂದು ಎಣಿಸಿದರೆ, ಅತಿ ಹೆಚ್ಚು ಬಳಕೆಯ ಎರಡು ಸಾವಿರ ಕುಟುಂಬಗಳು ಸಾಮಾನ್ಯ ಇಂಗ್ಲಿಷ್ ಬರಹದ ಸುಮಾರು ನೂರಕ್ಕೆ ಎಂಬತ್ತು ಪದಗಳಿಗೆ ಸಾಕಾಗುತ್ತವೆ. ನ್ಯೂಜಿಲೆಂಡಿನ ಪಾಲ್ ನೇಷನ್ 2006ರಲ್ಲಿ ತೋರಿಸಿದಂತೆ, ಕಾದಂಬರಿ ಅಥವಾ ಪತ್ರಿಕೆಯನ್ನು ನೆರವಿಲ್ಲದೆ ಓದಲು ಎಂಟರಿಂದ ಒಂಬತ್ತು ಸಾವಿರ ಕುಟುಂಬಗಳು ಬೇಕು. ಎವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ವಿದ್ವತ್ ಪದಗಳ ಪಟ್ಟಿಯಲ್ಲಿ ಇರುವುದು 570 ಕುಟುಂಬಗಳು ಮಾತ್ರ, ಆದರೂ ವಿಶ್ವವಿದ್ಯಾಲಯದ ಪಠ್ಯಗಳ ಸುಮಾರು ಹತ್ತನೆಯ ಒಂದು ಭಾಗ ಅವುಗಳಿಂದಲೇ ತುಂಬಿದೆ. ಇಂಥ ಪಟ್ಟಿಗಳ ಆಚೆಗಿರುವ ಪ್ರೌಢ ಪದಗಳ ಕಷ್ಟ ಬೇರೆ: ಅವು ಅಪರೂಪಕ್ಕೆ ಬರುತ್ತವೆ, ಎರಡನೆಯ ಸಲ ಎದುರಾಗುವ ಹೊತ್ತಿಗೆ ಮೊದಲ ಭೇಟಿ ಮರೆತುಹೋಗಿರುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಲ ಕೆಲವು ಗಂಟೆಗಳಲ್ಲಿಯೇ ಅತಿ ವೇಗವಾಗಿ ನಡೆಯುತ್ತದೆಂದೂ, ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದರೆ ಅದು ನಿಧಾನವಾಗುತ್ತದೆಂದೂ 1885ರಲ್ಲಿ ಬರೆದನು. ಸಂದರ್ಭವಿಲ್ಲದೆ ಪಟ್ಟಿಯಲ್ಲಿ ಕಲಿತ ಪದ ಮನಸ್ಸಿನ ಪಾಲಿಗೆ ಎಬ್ಬಿಂಗ್‌ಹೌಸನ ಅಕ್ಷರಗುಚ್ಛಕ್ಕಿಂತ ಬಹಳ ಬೇರೆಯೇನಲ್ಲ.

ಆದ್ದರಿಂದ ಪದದ ಜೊತೆಗೆ ಅದು ಸಿಕ್ಕಿದ ವಾಕ್ಯವನ್ನೂ ಬರೆದಿಟ್ಟುಕೊಳ್ಳುವ ಹಳೆಯ ರೂಢಿಗೆ ಬೆಲೆಯಿದೆ. ಇಂಗ್ಲಿಷಿನ ಅತಿ ದೊಡ್ಡ ನಿಘಂಟು ಹುಟ್ಟಿದ್ದೇ ಈ ರೂಢಿಯಿಂದ. 1857ರಲ್ಲಿ ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ ಯೋಜನೆಯಾಗಿ, 1879ರಿಂದ ಜೇಮ್ಸ್ ಮರ್ರೆಯ ಸಂಪಾದಕತ್ವದಲ್ಲಿ ರೂಪುಗೊಂಡು, ಮೊದಲ ಸಂಚಿಕೆ 1884ರಲ್ಲಿ ಹೊರಬಂದು, ಅವನು ತೀರಿಕೊಂಡ ಹದಿಮೂರು ವರ್ಷಗಳ ನಂತರ 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ನಿಘಂಟಿಗಾಗಿ ಸಾವಿರಾರು ಸಾಮಾನ್ಯ ಓದುಗರು ತಾವು ಓದಿದ ಪುಸ್ತಕಗಳಿಂದ ಪದಗಳನ್ನು ಆರಿಸಿ, ಒಂದೊಂದು ಚೀಟಿಯ ಎಡಮೂಲೆಯಲ್ಲಿ ಪದವನ್ನೂ ಕೆಳಗೆ ಕೃತಿಯ ಹೆಸರು, ವರ್ಷ, ಪುಟ ಮತ್ತು ಇಡೀ ವಾಕ್ಯವನ್ನೂ ಬರೆದು ಅಂಚೆಯಲ್ಲಿ ಕಳಿಸಿದರು. ಮರ್ರೆ ಆ ಚೀಟಿಗಳನ್ನು ಕಬ್ಬಿಣದ ತಗಡಿನ ಕೊಟ್ಟಿಗೆಯೊಂದರಲ್ಲಿ ಗೂಡುಗಳನ್ನು ಮಾಡಿಸಿ ಜೋಡಿಸಿದನು. ನಾಲ್ಕು ಲಕ್ಷಕ್ಕೂ ಹೆಚ್ಚು ಪದಗಳು, ಹದಿನೆಂಟು ಲಕ್ಷಕ್ಕೂ ಹೆಚ್ಚು ಉದಾಹರಣೆಗಳು ಇರುವ ಆ ಮಹಾಕೃತಿಯಲ್ಲಿ ‘ಬಾಂಡ್‌ಮೇಡ್’ ಎಂಬ ಒಂದು ಪದ ಚೀಟಿಗಳು ಎಲ್ಲೋ ತಪ್ಪಿಹೋದ ಕಾರಣ ಬಿಟ್ಟುಹೋಗಿ, 1933ರ ಪುರವಣಿಯಲ್ಲಿ ಸೇರಿತು. ಬಿಡುಗಡೆಯಿಲ್ಲದೆ ಒಡೆಯನ ಮನೆಯಲ್ಲಿ ದುಡಿಯುವ ಹೆಣ್ಣಿಗೆ ಇಂಗ್ಲಿಷ್ ಬೈಬಲ್ಲಿನಲ್ಲಿಯೂ ಬರುವ ಹೆಸರು ಅದು. ಆ ಪದವನ್ನು ಇಂದು ಓದಿನಲ್ಲಿ ಕಂಡು ತಮ್ಮ ಪುಸ್ತಕಕ್ಕೆ ಬರೆದುಕೊಳ್ಳುವ ಕನ್ನಡಿಗರು ಅದರ ಎದುರಿನ ಜಾಗದಲ್ಲಿ ದಾಸಿ ಎಂದು ಬರೆಯಬೇಕೋ, ಊಳಿಗದವಳು ಎನ್ನಬೇಕೋ, ಜೀತದಾಳು ಎನ್ನಬೇಕೋ, ವಚನಕಾರರ ಕಾಲದ ತೊತ್ತು ಎಂಬ ಪದವನ್ನೇ ಮತ್ತೆ ಕರೆತರಬೇಕೋ ಎಂದು ಸ್ವಲ್ಪ ಹೊತ್ತು ಲೇಖನಿಯನ್ನು ಎತ್ತಿ ಹಿಡಿದು ಯೋಚಿಸಬೇಕಾಗುತ್ತದೆ.